ತುಂಬಿದ ಫ್ಲಾಸ್ಕ್

ಗಾಂಜಾ ಗಿಡಗಳ ಸಾಲಿನ ತುದಿಯಲ್ಲಿ ಹೆಣ ಬಿದ್ದಿತ್ತು.

ರಿವೇರಾ ಊರಂಚಿನಲ್ಲಿ, ಸದಸ್ಯರಿಗಾಗಿ ಗಾಂಜಾ ಬೆಳೆಯುವ ಕ್ಲಬ್ಬಿನ ಗಾಜಿನ ಮನೆ. ತೋಟಗಾರ ವಾಷಿಂಗ್ಟನ್ ತೆಚೇರಾ ಮೇಜಿನ ಪಕ್ಕ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಹತ್ತಿರದಲ್ಲೇ ಸನಿಕೆ. ಬಾಗಿಲ ಬಳಿಯ ನಾಲ್ಕಾರು ಗಿಡಗಳನ್ನು ಯಾರೋ ಬುಡಕ್ಕೇ ಕತ್ತರಿಸಿ ಒಯ್ದಿದ್ದರು.

ಇನ್ಸ್‌ಪೆಕ್ಟರ್ ನೆಲ್ಬಾ ಮೊರೇರಾ ಬರುವ ಹೊತ್ತಿಗೆ ಅವಳ ಮೇಲಧಿಕಾರಿ ಲೆಮೋಸ್ ಕೇಸನ್ನು ಮುಗಿಸಿಯೇ ಬಿಟ್ಟಿದ್ದ.

"ಆಸಾಮಿ ಸಿಕ್ಕಿದಾನೆ. ಜಾಂದಿರ್ ಅಂತ. ಆಚೆಯವನು."

"ನಲ್ಲಿ ರಿಪೇರಿ ಮಾಡ್ತಿದ್ದನಲ್ಲ, ಅವನಾ?"

"ಅವನೇ. ಬೆಳಿಗ್ಗೆ ಇಲ್ಲಿಂದ ಹೋಗಿದ್ದನ್ನ ಬೇಕರಿಯವನು ನೋಡಿದಾನೆ. ಚೌಕ ದಾಟ್ತಿದ್ದಂಗೆ ಬ್ರೆಜಿಲ್ ಪೊಲೀಸ್ರು ಹಿಡ್ಕೊಂಡ್ರು. ಜೇಬಲ್ಲಿ ಈ ಕ್ಲಬ್ಬಿನದೇ ಒಂದು ಪೊಟ್ಟಣ. ಇನ್ನೇನು ಬೇಕು?"

ಆಚೆ ಅಂದರೆ ಲಿವ್ರಮೆಂತೊ. ರಿವೇರಾ ಉರುಗ್ವೆಯದು, ಲಿವ್ರಮೆಂತೊ ಬ್ರೆಜಿಲ್ಲಿನದು. ಎರಡರ ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ, ಒಂದು ಚೌಕವಿದೆ ಅಷ್ಟೆ. ಚೌಕದ ಈ ಕಡೆ ಬೆಂಚಿನಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ. ಆ ಕಡೆ ಬೆಂಚಿನಲ್ಲಿ ಅದೇ ಗಾಂಜಾಕ್ಕೆ ಕೈಕೋಳ. ಉರುಗ್ವೆಯವರು ತಮ್ಮ ಹಿತ್ತಲಲ್ಲಿ ಬೆಳೆದದ್ದು ನೆರೆಯವರ ಅಂಗಳಕ್ಕೆ ಹೋಗದೆ ಇರುತ್ತದೆಯೇ ಎಂದು ಎರಡೂ ಬೆಂಚಿನವರು ವರ್ಷಗಟ್ಟಲೆ ಕಿತ್ತಾಡುತ್ತಲೇ ಇದ್ದರು. ಅವತ್ತು ಸಂಜೆ ಆ ಜಗಳಕ್ಕೆ ವೇದಿಕೆಯೂ ಮೈಕೂ ಸಿಗುವುದಿತ್ತು. ಕಾನೂನಿನ ಪರವಾಗಿ ಮಾತಾಡಬೇಕಿದ್ದವನು ವಾಷಿಂಗ್ಟನ್.

"ಸಭೆಗೆ ಮುಂಚೆ ಹೆಸರು ಹೇಳಿಬಿಟ್ರೆ ಎಲ್ಲರಿಗೂ ನೆಮ್ಮದಿ," ಎಂದ ಲೆಮೋಸ್.

"ಆ ಹುಡುಗನ ಅಮ್ಮನಿಗೆ ಬಿಟ್ಟು."

ಲೆಮೋಸ್ ಕೇಳಿಸದವನಂತೆ ಫೋನ್ ತೆಗೆದ. ನೆಲ್ಬಾ ಒಳಕೋಣೆಗೆ ಹೋದಳು. ಅಲ್ಲಿ ಬಲಿತ ಹೂಗೊಂಚಲುಗಳು ಒಣಗಿ ಗರಿಗರಿಯಾಗಿ ತೂಗುತ್ತಿದ್ದವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಕಳ್ಳ ತಯಾರಾದ ಮಾಲನ್ನು ಬಿಟ್ಟು, ಇನ್ನೂ ಹೂ ಬಿಡದ ಹಸಿ ಗಿಡ ಕಡಿದು ಹೊತ್ತೊಯ್ದಿದ್ದ. ಇಷ್ಟು ದಡ್ಡ ಕಳ್ಳನನ್ನು ಅವಳು ನೌಕರಿಯಲ್ಲಿ ಕಂಡಿರಲಿಲ್ಲ.

ಮತ್ತೆ ಮೇಜಿನ ಹತ್ತಿರ ಬಂದಳು. ಮಾಟೆ ಎಂಬ ಸೊಪ್ಪಿನ ಚಹಾ ಕುಡಿಯುವ ಸೋರೆಬುರುಡೆ, ಅದರಲ್ಲಿ ಸಿಕ್ಕಿಸಿದ ಲೋಹದ ಕೊಳವೆ, ಪಕ್ಕದಲ್ಲಿ ಸ್ಟೀಲ್ ಫ್ಲಾಸ್ಕ್. ಯಾವ ಉರುಗ್ವೆಯವನ ಮೇಜಿನ ಮೇಲೂ ಇರುವುದೇ. ಬುರುಡೆಯೊಳಗಿನ ಸೊಪ್ಪು ನೀರು ಹುಯ್ಯಿಸಿಕೊಂಡು ಹುಯ್ಯಿಸಿಕೊಂಡು ಬಿಳಿಚಿತ್ತು, ಪೂರ್ತಿ ಚಪ್ಪೆ. ಫ್ಲಾಸ್ಕ್ ಎತ್ತಿದಳು. ಕೈ ಜಗ್ಗಿತು.

ಫ್ಲಾಸ್ಕ್ ಕಂಠದವರೆಗೆ ತುಂಬಿತ್ತು. ಮುಚ್ಚಳ ತೆಗೆದು ಮೂಸಿದಳು. ಬರೀ ಬಿಸಿನೀರು.

"ಇಲ್ಲಿ ನೀರು ಕಾಯಿಸೋದೆಲ್ಲಿ?" ಎಂದು ಬಾಗಿಲಲ್ಲಿ ನಿಂತವರನ್ನು ಕೇಳಿದಳು.

"ಎಲ್ಲೂ ಇಲ್ಲ. ಒಲೆ ಇಟ್ರೆ ಗಿಡಕ್ಕೆ ಹೊಗೆ ಹಿಡಿಯುತ್ತೆ ಅಂತ ವಾಷಿಂಗ್ಟನ್ ಬಿಡ್ತಿರ್ಲಿಲ್ಲ," ಎಂದಳು ಗ್ಲಾದಿಸ್. ಔಷಧಿ ಅಂಗಡಿಯವಳು, ಕ್ಲಬ್ಬಿನ ಕಾರ್ಯದರ್ಶಿ, ಹೆಣವನ್ನು ಮೊದಲು ಕಂಡವಳು.

ಅವಳ ಪಕ್ಕದಲ್ಲಿ ಕ್ಲಬ್ಬಿನ ಅಧ್ಯಕ್ಷ ಹೆಬೆರ್ ಅರಾಂಬುರು. ಕಂಕುಳಲ್ಲಿ ಫ್ಲಾಸ್ಕ್, ಕೈಯಲ್ಲಿ ಬುರುಡೆ. ಮದುವೆಗೂ ಹೀಗೇ, ಸಾವಿಗೂ ಹೀಗೇ. ಅದರಲ್ಲಿ ವಿಶೇಷವೇನಿಲ್ಲ, ಊರೆಲ್ಲ ಹೀಗೇ ನಡೆಯುತ್ತದೆ. ಗ್ಲಾದಿಸಳ ಕೈಚೀಲದಿಂದಲೂ ಅಂಥದೇ ಫ್ಲಾಸ್ಕಿನ ತಲೆ ಇಣುಕುತ್ತಿತ್ತು. ಮೇಜಿನ ಮೇಲಿನದೂ ಸೇರಿ ಎಲ್ಲದರ ಮೇಲೂ ಕ್ಲಬ್ಬಿನ ಎಲೆ ಗುರುತು. ಹೊಸವರ್ಷಕ್ಕೆ ಸದಸ್ಯರಿಗೆಲ್ಲ ಹಂಚಿದ್ದು.

"ಬೀಗದ ಕೈ ಯಾರ ಹತ್ರ ಇದೆ?"

"ನಮ್ಮ ಮೂವರ ಹತ್ರ. ಅವನು, ಇವಳು, ನಾನು," ಎಂದ ಹೆಬೆರ್. "ಆದ್ರೆ ಅವನಿದ್ದಾಗ ಬಾಗಿಲು ತೆರೆದೇ ಇರುತ್ತೆ ಮೇಡಂ. ಯಾರು ಬೇಕಾದ್ರೂ ನುಗ್ಗಬಹುದು."

"ವಾಸನೆ ಹಿಡಿದು ಬಂದಿರ್ಬೇಕು ಕಳ್ಳ," ಎಂದ ಲೆಮೋಸ್.

"ನನ್ನನ್ನ ಕೇಳ್ಬೇಡಿ." ಹೆಬೆರ್ ತನ್ನ ಸೊಟ್ಟ ಮೂಗನ್ನು ಮುಟ್ಟಿಕೊಂಡ. "ಕುದುರೆ ಒದ್ದಾಗಿಂದ ಇದಕ್ಕೆ ಸಗಣಿಯೂ ಒಂದೇ, ಸಂಪಿಗೆಯೂ ಒಂದೇ. ಗಾಂಜಾ ಕ್ಲಬ್ಬಿಗೆ ಮೂಗಿಲ್ಲದ ಅಧ್ಯಕ್ಷ ಅಂತ ಎಲ್ಲರೂ ಆಡ್ಕೊಳ್ತಾರೆ."

* * *

ವಾಷಿಂಗ್ಟನ್ನನ ಅಕ್ಕ ಎಲ್ಬಿಯಾ ಅಡುಗೆಮನೆಯಲ್ಲೇ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಆದರೂ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಳು.

"ಫ್ಲಾಸ್ಕ್ ನಾನೇ ತುಂಬ್ಸಿ ಕೊಟ್ಟೆ ಮೇಡಂ. ದಿನಾ ನಾನೇ."

"ಬರೀ ನೀರಾ?"

"ಎಲ್ಲಿ? ಅವನಿಗೆ ಹೊಟ್ಟೆ ಸರಿ ಇರ್ಲಿಲ್ಲ. ಕಾರ್ಕೇಜಾ ಸೊಪ್ಪು ಕುದಿಸಿ ಹಾಕ್ತಿದ್ದೆ. ಗಂಟಲಿಗಿಳಿಯಲ್ಲ ಅಕ್ಕಾ ಅಂತ ಬಯ್ಕೊಂಡೇ ಕುಡೀತಿದ್ದ. ಆ ಫ್ಲಾಸ್ಕನ್ನ ಎಷ್ಟು ತೊಳೆದ್ರೂ ಅದರ ಘಾಟು ಹೋಗ್ತಿರ್ಲಿಲ್ಲ."

"ಬೇರೆ ಏನಾದ್ರೂ ಗುರುತು?"

"ಮುಚ್ಚಳ ಸೋರ್ತಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಒಳಗೆ ರಿಂಗ್ ಕೂರ್ಸಿದ್ದೆ. ಯಾಕೆ ಮೇಡಂ, ಅವನ ಫ್ಲಾಸ್ಕ್ ಯಾಕೆ ಕೇಳ್ತಿದೀರ?"

ನೆಲ್ಬಾ ರಿಂಗಿನ ವಿಷಯ ಬರೆದುಕೊಂಡಳು. "ಸಂಜೆ ಏನು ಮಾತಾಡ್ತೀನಿ ಅಂತ ನಿಮ್ಮ ತಮ್ಮ ಹೇಳಿದ್ರಾ?"

ಎಲ್ಬಿಯಾ ಕಣ್ಣೊರೆಸಿಕೊಂಡಳು. "ಕಾನೂನು ಒಳ್ಳೇದು ಅಂತಾನೇ ಹೇಳ್ತೀನಿ, ಆದ್ರೆ ಮೊದ್ಲು ನಮ್ಮನೆ ಕಸ ನಾವೇ ಗುಡಿಸ್ಬೇಕು ಅಂದಿದ್ದ. ಬೆಳಿಗ್ಗೆ ಆ ಮನುಷ್ಯನಿಗೂ ಹೇಳ್ಬಿಡ್ತೀನಿ, ಬೆನ್ನ ಹಿಂದೆ ಮಾತಾಡಬಾರ್ದು ಅಂದ. ಯಾರು ಅಂತ ಹೇಳ್ಲಿಲ್ಲ. ಮೊನ್ನೆ ಗ್ಲಾದಿಸ್ ಜೊತೆ ಇದೇ ವಿಷಯಕ್ಕೆ ಜೋರು ಜಗಳ ಆಗಿತ್ತು."

* * *

ಗ್ಲಾದಿಸ್ ಜಗಳವನ್ನು ಮುಚ್ಚಿಡಲಿಲ್ಲ.

"ಹೌದು, ಕೂಗಾಡಿದೆ. ನಮ್ಮ ಮಾಲು ಆಚೆ ಹೋಗ್ತಿದೆ ಅಂತ ಮೈಕಲ್ಲಿ ಹೇಳ್ತೀನಿ ಅಂದ. ಹೇಳಿದ್ರೆ ಕ್ಲಬ್ಬಿಗೆ ಬೀಗ ಬೀಳುತ್ತೆ ಅಂದೆ. ತಪ್ಪಾ?"

"ನಿಮ್ಮ ಫ್ಲಾಸ್ಕ್ ಕೊಡಿ."

"ಏನು?"

"ಫ್ಲಾಸ್ಕ್."

ಗ್ಲಾದಿಸ್ ಚೀಲದಿಂದ ತೆಗೆದು ಕೊಟ್ಟಳು. ನೆಲ್ಬಾ ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ಕಂಪನಿಯ ಬಿಳಿ ರಿಂಗ್ ಹಾಗೇ ಇತ್ತು. ಮೂಸಿದರೆ ಕಿತ್ತಳೆ ಸಿಪ್ಪೆಯ ವಾಸನೆ. ಮುಚ್ಚಳ ಹಾಕಿ ವಾಪಸ್ ಕೊಟ್ಟು ಚೌಕದ ಕಡೆ ನಡೆದಳು. ಔಷಧಿ ಅಂಗಡಿಯವಳು ಆ ಬೆನ್ನನ್ನು ನೋಡುತ್ತ, ಪೊಲೀಸರಿಗೆ ತಲೆ ಕೆಟ್ಟಿದೆ ಎಂದುಕೊಂಡಳು.

* * *

ಚೌಕದ ಬ್ರೆಜಿಲ್ ಬದಿಯಲ್ಲಿ ಜಾಂದಿರ್‌ನ ಅಮ್ಮ ಝೆನೈದ್ ಕಡುಬಿನಂಥ ಪಾಸ್ಟೆಲ್ ಕರಿಯುವ ಗಾಡಿ. ನೆಲ್ಬಾ ದಿನವೂ ಅಲ್ಲಿ ತಿನ್ನುತ್ತಿದ್ದಳು. ಇವತ್ತು ಒಲೆ ಹೊತ್ತಿರಲಿಲ್ಲ. ಝೆನೈದ್ ಗಂಟುಕಟ್ಟಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನನ್ನ ಮಗ ಕೊಲೆಗಾರ ಅಂತ ನೀನೂ ಹೇಳಕ್ಕೆ ಬಂದ್ಯಾ?"

"ಇಲ್ಲಕ್ಕ. ಅವನು ಏನಂದ ಅಂತ ಕೇಳಕ್ಕೆ ಬಂದೆ."

"ಠಾಣೆಯಲ್ಲಿ ನೋಡಿದಾಗ ಹೇಳ್ದ, ನಾನು ಹೊರಡೋವಾಗ ವಾಷಿಂಗ್ಟನ್ ಬುರುಡೆಗೆ ಹೊಸ ಸೊಪ್ಪು ತುಂಬ್ತಿದ್ದ, ಯಾರೋ ಬರೋರಿದ್ರು ಅಂತ. ನಂಬೋರು ಯಾರು?"

"ಆ ಪೊಟ್ಟಣ?"

ಝೆನೈದ್ ಬೆರಳುಗಳನ್ನೇ ಮುಂದೆ ಚಾಚಿದಳು. "ಇದಕ್ಕೆ. ಸಾರಾಯಲ್ಲಿ ನೆನೆಸಿ ಹಚ್ಚಿದ್ರೆ ನೋವು ಇಳಿಯುತ್ತೆ. ವಾಷಿಂಗ್ಟನ್ ಸುಮ್ನೆ ಕೊಡ್ತಿದ್ದ. ಯಾರದು ಅಂತ ಪೊಲೀಸ್ರು ಎಷ್ಟು ಹೊಡೆದ್ರೂ ಮಗ ಬಾಯಿ ಬಿಟ್ಟಿಲ್ಲ. ನನ್ನ ಹೆಸರು ಬರ್ಬಾರ್ದು ಅಂತ."

ಚೌಕದ ಆ ಕಡೆ ನೆಲ್ಬಾಳ ಅಧಿಕಾರ ನಡೆಯುವುದಿಲ್ಲ. ಅವಳಿಂದ ಆಗುವುದು ಒಂದೇ, ನಿಜವಾದ ಕೊಲೆಗಾರನನ್ನು ಹಿಡಿಯುವುದು.

* * *

ಸಂಜೆ ಚೌಕ ತುಂಬಿತು. ಎರಡು ದೇಶದ ಜನ, ಎರಡು ಭಾಷೆಯ ಬೈಗುಳ.

"ನಿಮ್ಮ ಕಾನೂನಿನ ಹೊಗೆ ನಮ್ಮ ಮಕ್ಕಳ ಮೂಗಿಗೆ ಬರ್ತಿದೆ!" ಎಂದು ಲಿವ್ರಮೆಂತೊದ ಮೇಷ್ಟ್ರು ಕೂಗಿದ.

"ನಿಮ್ಮ ಕಳ್ಳಸಾಗಣೆಯವರು ನಮ್ಮ ಹುಡುಗರನ್ನ ಹಾಳು ಮಾಡ್ತಿದ್ದಾಗ ಎಲ್ಲಿ ಮಲಗಿದ್ರಿ?" ಎಂದು ಈ ಕಡೆಯಿಂದ ಉತ್ತರ ಹೋಯಿತು.

ವಾಷಿಂಗ್ಟನ್ನನ ಜಾಗದಲ್ಲಿ ಮಾತಾಡಲು ಹೆಬೆರ್ ಎದ್ದ. ಕಂಕುಳಲ್ಲಿ ಫ್ಲಾಸ್ಕ್. ಗೆಳೆಯನ ಹೆಸರು ಹೇಳುವಾಗ ಎದೆಯ ಮೇಲೆ ಕೈ ಇಟ್ಟ. ಗಡಿ ದಾಟಿ ಬರುವ ಪುಂಡರಿಂದ ಒಳ್ಳೆಯ ಕಾನೂನನ್ನು ಕಾಪಾಡಬೇಕು ಎಂದ. ಚಪ್ಪಾಳೆ ಬಿತ್ತು. ಆಚೆ ಬದಿಯಲ್ಲಿ ಝೆನೈದ್ ತಲೆ ತಗ್ಗಿಸಿದಳು.

ಅವನು ಕೆಳಗಿಳಿದು ಬುರುಡೆಗೆ ನೀರು ಹುಯ್ಯತೊಡಗಿದಾಗ ನೆಲ್ಬಾ ಎದುರಿಗೆ ನಿಂತಳು.

"ನಂಗೂ ಒಂದು ಸುತ್ತು ಕೊಡಿ."

ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಆ ಊರಲ್ಲಿಲ್ಲ. ತಾನು ಹೀರಿ, ಮತ್ತೆ ತುಂಬಿ, ಅವಳ ಕೈಗೆ ಕೊಟ್ಟ. ನೆಲ್ಬಾ ಕೊಳವೆಗೆ ಬಾಯಿಟ್ಟಳು. ಮೂಗಿಗೆ ಹಬೆ ಬಡಿಯಿತು.

"ಕಾರ್ಕೇಜಾ ಹಾಕ್ತೀರಾ?"

"ನಾನಾ? ಛೆ, ಮಾಟೆಗೆ ಸೊಪ್ಪುಸದೆ ಹಾಕೋದು ಅದನ್ನ ಕೆಡಿಸಿದಂಗೆ. ಹುಟ್ಟಿದಾಗಿಂದ ಹಾಕಿಲ್ಲ. ಬೇಕಿದ್ರೆ ಯಾರನ್ನಾದ್ರೂ ಕೇಳಿ."

"ಗ್ಲಾದಿಸ್, ಬನ್ನಿ. ಇದನ್ನ ಮೂಸಿ."

ಗ್ಲಾದಿಸ್ ಬಗ್ಗಿ ಮೂಸಿದಳು. ಥಟ್ಟನೆ ತಲೆಯೆತ್ತಿದಳು. "ಕಾರ್ಕೇಜಾನೇ. ಇದು ವಾಷಿಂಗ್ಟನ್..." ಎಂದವಳು ಹೆಬೆರ್ ಕಡೆ ತಿರುಗಿದಳು.

ನೆಲ್ಬಾ ಫ್ಲಾಸ್ಕ್ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಒಳಗೆ ಕಪ್ಪು ರಬ್ಬರಿನ ರಿಂಗ್, ಕತ್ತರಿಯ ಅಂಕುಡೊಂಕು ಅಂಚು.

"ಎಲ್ಬಿಯಾ, ಇದು?" ಎಂದು ಮುಂದಿನ ಸಾಲಿನಲ್ಲಿದ್ದ ವಾಷಿಂಗ್ಟನ್ನನ ಅಕ್ಕನಿಗೆ ತೋರಿಸಿದಳು.

"ನಾನು ಕೂರ್ಸಿದ್ದು," ಎಂದಳು ಎಲ್ಬಿಯಾ. "ನನ್ನ ತಮ್ಮನ ಫ್ಲಾಸ್ಕ್ ಅದು. ನಿನ್ನ ಕಂಕುಳಿಗೆ ಹೇಗೆ ಬಂತು ಹೆಬೆರ್?"

ಹೆಬೆರ್ ಫ್ಲಾಸ್ಕಿಗೆ ಕೈ ಚಾಚಿದ. ಲೆಮೋಸ್ ಜನರನ್ನು ತಳ್ಳಿಕೊಂಡು ಬಂದ.

"ಏನಿದು ನೆಲ್ಬಾ?"

"ಬುರುಡೆಯ ಸೊಪ್ಪು ಚಪ್ಪೆಯಾಗಿತ್ತು ಸರ್. ಅಂದ್ರೆ ಬೆಳಿಗ್ಗೆ ತುಂಬಾ ಸುತ್ತು ಕುಡಿದಿದಾರೆ. ಆದ್ರೆ ಪಕ್ಕದ ಫ್ಲಾಸ್ಕ್ ಕಂಠಪೂರ್ತಿ ತುಂಬಿತ್ತು. ಅಲ್ಲಿ ನೀರು ಕಾಯಿಸೋ ವ್ಯವಸ್ಥೆ ಇಲ್ಲ. ಹಾಗಾದ್ರೆ ಆ ಸುತ್ತುಗಳಿಗೆ ನೀರು ಬಂದಿದ್ದು ಇನ್ನೊಂದು ಫ್ಲಾಸ್ಕಿಂದ. ಮೇಜಿನ ಮೇಲೆ ಉಳಿದಿದ್ದ ಫ್ಲಾಸ್ಕಿಗೂ ಕ್ಲಬ್ಬಿನ ಗುರುತಿತ್ತು. ಬ್ರೆಜಿಲ್ಲಿನ ಜಾಂದಿರ್ ಸದಸ್ಯ ಆಗಕ್ಕೇ ಬರಲ್ಲ. ಬಂದವನು ಸದಸ್ಯ. ಕೂತು, ವಾಷಿಂಗ್ಟನ್ ಹುಯ್ದ ಮಾಟೆ ಕುಡಿದ. ತನ್ನ ಫ್ಲಾಸ್ಕ್ ತೆರೀಲೇ ಇಲ್ಲ. ಆಮೇಲೆ ಸನಿಕೆ ಎತ್ತಿದ. ಹೊರಗಿನ ಕಳ್ಳ ಅನ್ನಿಸ್ಲಿ ಅಂತ ಕೈಗೆ ಸಿಕ್ಕ ಗಿಡ ಕಡಿದ. ಒಣಗಿದ್ದು ಒಳಗಿತ್ತು, ಅದು ನೆನಪಾಗ್ಲಿಲ್ಲ. ಹೊರಡೋವಾಗ ನಾವೆಲ್ಲ ಮಾಡೋದನ್ನೇ ಮಾಡಿದ. ಮೇಜಿನ ಮೇಲಿಂದ ಫ್ಲಾಸ್ಕ್ ತಗೊಂಡು ಕಂಕುಳಿಗೆ ಸಿಕ್ಕಿಸ್ದ. ಎರಡೂ ಒಂದೇ ಥರ ಇದ್ವು. ಗಾಬರಿಯಲ್ಲಿ ತೂಕ ಗೊತ್ತಾಗ್ಲಿಲ್ಲ. ಮನೇಲಿ ತೊಳೆದು ಬೇರೆ ನೀರು ತುಂಬ್ಸಿದ. ಘಾಟು ಉಳೀತು. ಮೂಗಿದ್ದ ಯಾರೇ ಆಗಿದ್ರೂ ಮೊದಲ ಗುಟುಕಿಗೇ ಫ್ಲಾಸ್ಕನ್ನ ಹೊಳೆಗೆಸೀತಿದ್ರು."

ವೇದಿಕೆಯ ಮೇಲೆ ಮೈಕ್ ಗುಂಯ್‌ಗುಡುತ್ತಿತ್ತು.

"ಬೇಡ ಅಂತ ಕೈ ಮುಗಿದು ಕೇಳ್ಕೊಂಡೆ," ಎಂದ ಹೆಬೆರ್ ಕೊನೆಗೆ. "ಆಚೆ ಮಾರ್ತಿದ್ದಿದ್ದು ನಿಜ. ನಿಲ್ಲಿಸ್ತೀನಿ ಅಂದೆ. ಅವನು ಕೇಳ್ಲಿಲ್ಲ. ಎಲ್ಲರೆದುರು ಹೇಳೇ ಹೇಳ್ತೀನಿ ಅಂತ ನಗ್ತಾ ಇನ್ನೊಂದು ಮಾಟೆ ಹುಯ್ದು ಕೊಟ್ಟ."

ಪೊಲೀಸರು ಅವನನ್ನು ಕರೆದೊಯ್ದರು. ನೋಡಿದ್ರಾ, ನಿಮ್ಮ ಮಾಲು ನಮ್ಮ ಕಡೆಗೇ ಬರ್ತಿತ್ತು ಎಂದು ಲಿವ್ರಮೆಂತೊದವರು ಕೂಗಿದರು. ನೋಡಿದ್ರಾ, ಕೊಳ್ಳೋರು ನೀವೇ ಎಂದು ರಿವೇರಾದವರು ಕೂಗಿದರು. ಚರ್ಚೆ ಬಿಟ್ಟಲ್ಲಿಂದ ಮುಂದುವರಿಯಿತು.

* * *

ಕೊಲೆಯ ಆರೋಪ ಹೋಯಿತು. ಪೊಟ್ಟಣ ಉಳಿಯಿತು. ಮಗನನ್ನು ಬಿಡಿಸಲು ಝೆನೈದ್ ಲಿವ್ರಮೆಂತೊ ಠಾಣೆಗೆ ತಾನೇ ನಡೆದು ಹೋಗಿ, ಅದು ನನ್ನದು ಎಂದು ಮೇಜಿನ ಮೇಲೆ ಎರಡೂ ಕೈ ಇಟ್ಟಳು. ಅಲ್ಲಿನ ಅಧಿಕಾರಿ ಆ ಬೆರಳುಗಳನ್ನು ನೋಡಿ ಕಾಗದ ಎಳೆದುಕೊಂಡ. ಜಾಂದಿರ್‌ನಿಂದ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದ. ಕೇಸು ಇರುತ್ತದೆ, ಇನ್ನೊಂದು ಸಲ ಜೇಬಲ್ಲಿ ಸಿಕ್ಕರೆ ತಾನು ಏನೂ ಮಾಡಲಾರೆ ಎಂದ.

ವಾಷಿಂಗ್ಟನ್ನನನ್ನು ಮಣ್ಣು ಮಾಡಿದ ಮರುವಾರ ನೆಲ್ಬಾ ಚೌಕ ಹಾಯುತ್ತಿದ್ದಳು. ಉರುಗ್ವೆ ಬದಿಯ ಬೆಂಚಿನಲ್ಲಿ ಎಲ್ಬಿಯಾ ಒಂದು ಶೀಷೆ ತೆರೆದುಕೊಂಡು ಕೂತಿದ್ದಳು. ವಾಷಿಂಗ್ಟನ್ ಸಾರಾಯಿಯಲ್ಲಿ ಗಾಂಜಾ ನೆನೆಸಿಟ್ಟು ಹೋಗಿದ್ದ ಕೊನೆಯ ಶೀಷೆ. ಪಕ್ಕದಲ್ಲಿ ಝೆನೈದ್, ಚೌಕ ದಾಟಿ ಬಂದು ಕೈ ಚಾಚಿದ್ದಳು. ಎಲ್ಬಿಯಾ ಒಂದೊಂದೇ ಬೆರಳಿಗೆ ಹಚ್ಚಿ ತಿಕ್ಕುತ್ತಿದ್ದಳು. ಆಚೆ ಬದಿಯ ಬೆಂಚಿನಲ್ಲಿ ಜಾಂದಿರ್ ಖಾಲಿ ಜೇಬಿಗೆ ಕೈ ಹಾಕಿಕೊಂಡು ಅಮ್ಮನಿಗಾಗಿ ಕಾಯುತ್ತಿದ್ದ.

ಆಚೆಯವರಿಗೆ ಕೊಡುವುದು ಈ ಕಡೆಯ ಕಾನೂನಿಗೂ ವಿರುದ್ಧವೇ. ನೆಲ್ಬಾಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಮಾಟೆ ಕುಡೀತೀರಾ ಮೇಡಂ?" ಎಂದು ಎಲ್ಬಿಯಾ ತಲೆಯೆತ್ತದೆ ಕೇಳಿದಳು. ಕಂಕುಳಲ್ಲಿ ಠಾಣೆಯಿಂದ ವಾಪಸ್ ಸಿಕ್ಕಿದ್ದ ತಮ್ಮನ ಫ್ಲಾಸ್ಕ್ ಇತ್ತು.

"ಕೊಡಿ," ಎಂದು ನೆಲ್ಬಾ ಬೆಂಚಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಕುಡಿದಳು. ತುಂಬಾ ಕಹಿಯಾಗಿತ್ತು.