ಗುಡಿಯ ಹಿಂದಿನ ಬಂಡೆ

"ಬ್ರೇಕ್ ಹಿಡಿಯೇ, ಪ್ರಕೃತಿ! ಬ್ರೇಕ್!"

ಚಿಕ್ಕಪ್ಪನ ಕೂಗು ಹಿಂದಿನ ತಿರುವಿನಲ್ಲೇ ಉಳಿಯಿತು. ಪ್ರಕೃತಿಯ ಸೈಕಲ್ ಮರದ ಬೇರುಗಳ ಮೇಲೆ ಧಡಧಡನೆ ಹಾರಿತು. ಲಂಟಾನ ಪೊದೆಯನ್ನು ಸವರಿಕೊಂಡು, ಕೆಂಪು ಮಣ್ಣನ್ನು ಎರಚಿಕೊಂಡು, ಇಳಿಜಾರಿನ ಕೊನೆಗೆ ಬಂದು ನಿಂತಿತು. ನಿಂತಿತು ಅನ್ನುವಷ್ಟರಲ್ಲಿ ಅವಳು ಅದನ್ನು ತಿರುಗಿಸಿ ಮತ್ತೆ ಮೇಲಕ್ಕೆ ತಳ್ಳತೊಡಗಿದ್ದಳು.

"ಇದು ಎಷ್ಟನೇ ಸಲ? ಏಳನೇದಾ?" ಚಿಕ್ಕಪ್ಪ ಜಯಸಿಂಹ ಏದುಸಿರು ಬಿಡುತ್ತ ಕೇಳಿದ. "ತುರಹಳ್ಳಿ ಕಾಡು ಎಲ್ಲೂ ಓಡಿಹೋಗಲ್ಲ. ಕೂತ್ಕೊ ಸ್ವಲ್ಪ, ಚಕ್ಲಿ ತಿನ್ನು."

"ಬೇಡ."

"ಚಕ್ಲಿ ಬೇಡ್ವಾ? ಜ್ವರ ಗಿರ ಬಂದಿದ್ಯಾ ನಿಂಗೆ?"

ಜ್ವರವೇನೂ ಬಂದಿರಲಿಲ್ಲ. ಆದರೆ ಅವಳ ಹೊಟ್ಟೆಯಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಶುಕ್ರವಾರ ಸಂಜೆ ಅಪ್ಪ ತಾತನಿಗೆ ಹೇಳುತ್ತಿದ್ದುದನ್ನು ಅವಳು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಳು. "ಮದುವೆ ಆದ್ಮೇಲೆ ಜಯಸಿಂಹನಿಗೆ ಮೇಲಿನ ಮನೆ ಬೇಕಾಗುತ್ತೆ. ಬಸವಂತ ಅವರಿಗೆ ಖಾಲಿ ಮಾಡೋಕೆ ಹೇಳ್ಬೇಕು."

ಮೇಲಿನ ಮನೆ ಎಂದರೆ ಇಟ್ಟಮಡುವಿನಲ್ಲಿ ಅವರ ಮನೆಯ ಮಹಡಿಯ ಮೇಲಿದ್ದ ಬಾಡಿಗೆ ಮನೆ. ಬಸವಂತ ಅಂಕಲ್ ಎಂದರೆ ಪ್ರಿಯಾಂಕಾಳ ಅಪ್ಪ. ಪ್ರಿಯಾಂಕಾ ಎಂದರೆ ಐದನೇ ಕ್ಲಾಸಿನಲ್ಲಿ ಒಂದೇ ಬೆಂಚು, ಸ್ಕೂಲಿಗೆ ಒಂದೇ ಆಟೋ, ಸಂಜೆ ಒಂದೇ ಮೆಟ್ಟಿಲ ಮೇಲೆ ಹೋಂವರ್ಕ್.

ಆ ಪ್ರಿಯಾಂಕಾ ಇವತ್ತು ಗುಡ್ಡಕ್ಕೂ ಬಂದಿದ್ದಳು. ಅವಳಿಗೆ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಆದರೂ ಬೆಳಿಗ್ಗೆ ತಾನಾಗಿಯೇ, "ನಾನೂ ಬರ್ತೀನಿ" ಎಂದು ಚಿಕ್ಕಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದಳು. ಇಲ್ಲಿಗೆ ಬಂದ ಕೂಡಲೇ, "ನೀ ಓಡ್ಸು, ನಾ ಗುಡ್ಡದ ಮ್ಯಾಲಿನ ಗುಡಿ ಹತ್ರ ಇರ್ತೀನಿ" ಎಂದು ಹತ್ತಿಹೋಗಿದ್ದಳು.

ಹೋದದ್ದೇ ಒಳ್ಳೆಯದಾಯಿತು ಎನಿಸಿತ್ತು ಪ್ರಕೃತಿಗೆ. ಅವಳ ಪಕ್ಕ ಕೂತರೆ ಆ ಮಾತು ಬಾಯಿಗೆ ಬಂದುಬಿಡುತ್ತದೆ. ಕೂರದಿದ್ದರೆ ಒಳಗೇ ಕುಣಿಯುತ್ತದೆ. ಸೈಕಲ್ ಓಡುವಷ್ಟು ಹೊತ್ತು ಮಾತ್ರ ಸುಮ್ಮನಿರುತ್ತದೆ.

ಅಷ್ಟರಲ್ಲಿ ಚಿಕ್ಕಪ್ಪನ ಮೊಬೈಲ್ ಕೂಗಿತು. ಮದುವೆಗೆ ಗೊತ್ತಾಗಿದ್ದ ಹುಡುಗಿಯ ಫೋನು. ಆ ಕಾಡಿನಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಚಿಕ್ಕಪ್ಪ ಒಂದು ಗುಂಡುಕಲ್ಲು ಹತ್ತಿ, ತುದಿಗಾಲಲ್ಲಿ ನಿಂತು, ಕೊರಳು ಚಾಚಿದ.

"ಹಲೋ, ಕಾತ್ಯಾಯಿನಿಯವ್ರೇ! ಕೇಳಿಸ್ತಾ? ಆಂ? ಇಲ್ಲ ಇಲ್ಲ, ನಾನ್ಯಾಕೆ ಮರ ಹತ್ಲಿ?"

ಬೇರೆ ದಿನವಾಗಿದ್ದರೆ ಪ್ರಕೃತಿ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಅವಳು ಸೈಕಲ್ ತಳ್ಳಿಕೊಂಡು ಇನ್ನೊಂದು ದಾರಿ ಹಿಡಿದಳು. ನೀಲಗಿರಿ ಮರಗಳ ನಡುವೆ ಹಾವಿನಂತೆ ಹೊರಳುತ್ತ ಹೋದ ಆ ಕಾಲುದಾರಿ ಗುಡಿಯ ಹಿಂದಕ್ಕೆ ಬಂದು ಸೇರಿತು. ಎದುರಿಗೆ ಅಂಗಳದಷ್ಟು ಅಗಲವಾದ ಚಪ್ಪಟೆ ಬಂಡೆ.

ಬಂಡೆಯ ತುಂಬ ಕಲ್ಲುಗಳು. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಒಂದು ಕಡೆ ಮೂರು, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು.

ಭಾನುವಾರ ಹೆಲ್ಮೆಟ್ ಹಾಕಿಕೊಂಡು ಗೇರ್ ಸೈಕಲ್ ಅಣ್ಣಂದಿರು ಇಲ್ಲಿಗೆ ಬರುತ್ತಿದ್ದರು. ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟು, ಒಂದನ್ನೂ ಬೀಳಿಸದೆ ಅವುಗಳ ನಡುವೆ ಸುತ್ತಿ ಬಳಸಿ ಹೋಗುವುದನ್ನು ಪ್ರಕೃತಿ ನೋಡಿದ್ದಳು.

"ಓಹೋ, ಇದು ಅವರ ಕೋರ್ಸು!" ಎಂದುಕೊಂಡು ಪೆಡಲ್ ತುಳಿದಳು.

ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪೆಡಲ್ ತಾಗಿ ಒಂದು ಅಟ್ಟಿ ಟಕಟಕನೆ ಉರುಳಿತು. ತಿರುಗುವಾಗ ಹಿಂದಿನ ಚಕ್ರ ಇನ್ನೊಂದಕ್ಕೆ ಬಡಿಯಿತು. ಕಲ್ಲು ಉರುಳುವ ಸದ್ದಿಗೆ ಆ ಮಾತು ಒಂದು ಗಳಿಗೆ ಮರೆತೇಹೋಯಿತು. ಹಿತವೆನಿಸಿತು. ಮೂರನೆಯದನ್ನು ಅವಳು ಬೇಕೆಂದೇ ಕಾಲಿನಿಂದ ಒದ್ದಳು.

"ಔಟ್!" ಎಂದು ಕೂಗಿದಳು.

ಗುಡಿಯ ಮರೆಯಿಂದ ಪ್ರಿಯಾಂಕಾ ಹೊರಬಂದಳು. ಅವಳ ಮಡಿಲಲ್ಲಿ ಆಯ್ದ ಕಲ್ಲುಗಳಿದ್ದವು.

"ಏನ್ ಮಾಡ್ದಿ ನೀ?"

"ಗೇಮ್ ಕಣೇ. ಸೈಕಲ್ ಅಣ್ಣಂದಿರು ಇಟ್ಟಿರೋದು. ಮತ್ತೆ ಜೋಡಿಸ್ಕೋತಾರೆ ಬಿಡು."

"ಯಾವ ಅಣ್ಣಂದಿರು? ಈಗ ಒದ್ದೆಲ್ಲ, ಅದು ನಂದು."

"ನಿಂದಾ? ಕಲ್ಲಾ?"

"ಕಲ್ಲಲ್ಲ, ಮನಿ!" ಪ್ರಿಯಾಂಕಾಳ ದನಿ ಒಡೆಯಿತು. "ಗುಡ್ಡದ ಮ್ಯಾಲೆ ಹಿಂಗ ಕಲ್ಲಿಟ್ಟು ಬೇಡ್ಕೊಂಡ್ರ ದೇವ್ರು ಸ್ವಂತ ಮನಿ ಕೊಡ್ತಾನ. ನಮ್ಮವ್ವ ಯಾವ ಗುಡ್ಡಕ್ಕ ಹೋದ್ರೂ ಇಡ್ತಾಳ. ಅಷ್ಟೂ ಗೊತ್ತಿಲ್ಲೇನು ನಿಂಗ?"

ಗೊತ್ತಿರಲಿಲ್ಲ. ಪ್ರಕೃತಿ ಹುಟ್ಟುವ ಮೊದಲೇ ತಾತ ಮನೆ ಕಟ್ಟಿಸಿದ್ದರು. ಅವಳ ಮನೆಯಲ್ಲಿ ಯಾರೂ ಯಾವ ಬಂಡೆಯ ಮೇಲೂ ಕಲ್ಲು ಇಟ್ಟಿರಲಿಲ್ಲ.

ಅವಳು ಸೈಕಲ್ಲಿನಿಂದ ಇಳಿದು ಸುತ್ತ ನೋಡಿದಳು. ಒಂದು ಅಟ್ಟಿಯ ತುದಿಯಲ್ಲಿ ಕುಂಕುಮವಿತ್ತು. ಇನ್ನೊಂದರ ಬುಡದಲ್ಲಿ ಒಣಗಿದ ಚೆಂಡುಹೂವು. ಯಾರೋ ಎರಡು ಅಟ್ಟಿಗಳನ್ನು ಒತ್ತೊತ್ತಿಗೆ ಇಟ್ಟಿದ್ದರು, ಅಣ್ಣತಮ್ಮಂದಿರ ಮನೆಯ ಹಾಗೆ. ಮೂರು ಮಾತ್ರ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಸಾರಿ ಕಣೇ. ನಾನೇ ಕಟ್ಟಿಕೊಡ್ತೀನಿ, ಎರಡೇ ನಿಮಿಷ!" ಪ್ರಕೃತಿ ಕಲ್ಲುಗಳನ್ನು ಬಾಚಿಕೊಂಡಳು. ಒಂದರ ಮೇಲೊಂದು ಇಟ್ಟಳು. ಬಿತ್ತು. ಮತ್ತೆ ಇಟ್ಟಳು. ಮತ್ತೆ ಬಿತ್ತು.

"ಬಿಡು. ನನ್ನ ಮನಿ ನಾನ ಇಡಬೇಕು."

ಇನ್ನು ಪ್ರಕೃತಿಗೆ ತಡೆಯಲಾಗಲಿಲ್ಲ. "ಪ್ರಿಯಾ, ನಿಂಗೆ ಒಂದು ವಿಷ್ಯ ಹೇಳ್ಬೇಕು. ನಮ್ಮಪ್ಪ..."

"ಖಾಲಿ ಮಾಡ್ರಿ ಅಂದಾರ. ಗೊತ್ತೈತಿ."

"ನಿಂಗೆ ಹೇಗೆ ಗೊತ್ತು?"

"ನಿನ್ನೆ ಹೇಳ್ಯಾರ. ಅದಕ್ಕ ಇವತ್ತು ಬಂದೆ. ಇಲ್ಲಾಂದ್ರ ನಿನ್ನ ಸೈಕಲ್ ನೋಡಾಕ ಇಷ್ಟು ದೂರ ಯಾರ್ ಬರ್ತಾರ?"

"ನನ್ನ ಮೇಲೆ ಕೋಪ ಇಲ್ವಾ?"

"ನಿನ್ನೆ ಇರಲಿಲ್ಲ. ಈಗ ಐತಿ." ಪ್ರಿಯಾಂಕಾ ಮೂಗು ಒರೆಸಿಕೊಂಡಳು. "ನಂದಾದ್ರ ಮತ್ತ ಇಡ್ತೀನಿ. ಆ ಎರಡು ಯಾರವೋ ಏನೋ."

ಯಾರವೋ! ಬೇಗೂರಿನವರೋ, ಜೆ.ಪಿ. ನಗರದವರೋ. ಅವರನ್ನು ಎಲ್ಲಿ ಹುಡುಕುವುದು, ಏನೆಂದು ಸಾರಿ ಕೇಳುವುದು? ಅವರು ಈಗಲೂ ತಮ್ಮ ಕಲ್ಲು ನಿಂತಿದೆಯೆಂದೇ ನಂಬಿಕೊಂಡಿರುತ್ತಾರೆ.

"ಅವನ್ನ ನಾನು ಇಡಬಹುದಾ?" ಪ್ರಕೃತಿಯ ದನಿ ಸಣ್ಣದಾಗಿತ್ತು.

ಪ್ರಿಯಾಂಕಾ ಗುಡಿಯ ಕಡೆ ನೋಡಿ ಸ್ವಲ್ಪ ಯೋಚಿಸಿದಳು. "ದೇವ್ರಿಗೆ ಹೇಳಿ ಇಡು. ಇದು ನಂದಲ್ಲ, ಅವರದು ಅಂತ."

ಪ್ರಕೃತಿ ಬಂಡೆಯ ಮೇಲೆ ಕೂತಳು. ಅಗಲವಾದ ಕಲ್ಲನ್ನು ಕೆಳಗಿಟ್ಟಳು. "ಇದು ನಂದಲ್ಲ, ಅವರದು" ಎಂದಳು. ಎರಡನೆಯದು ಅಲುಗಾಡಿತು. ತೆಗೆದು, ತಿರುಗಿಸಿ, ಇನ್ನೊಂದು ಮಗ್ಗುಲಿಗೆ ಇಟ್ಟಳು. ಅವಸರ ಮಾಡಿದರೆ ಕಲ್ಲು ಕೂರುವುದಿಲ್ಲ. ಅದರ ತಗ್ಗು ಎಲ್ಲಿ, ಉಬ್ಬು ಎಲ್ಲಿ ಎಂದು ಬೆರಳಿನಿಂದ ಸವರಿ ಸವರಿ ನೋಡಬೇಕು. ಉಸಿರನ್ನು ಮೆಲ್ಲಗೆ ಬಿಡಬೇಕು. "ಇದೂ ನಂದಲ್ಲ, ಅವರದು."

ಬಿಸಿಲು ಬೆನ್ನಿಗೇರಿತು. ಎಲ್ಲೋ ಒಂದು ನವಿಲು ಕೂಗಿತು. ಎರಡು ಮನೆಗಳು ನಿಂತವು. ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ.

ತಲೆಯೆತ್ತಿದಾಗ ಪ್ರಿಯಾಂಕಾಳ ಮನೆಯೂ ಎದ್ದಿತ್ತು. ನಾಲ್ಕು ಕಲ್ಲು.

"ಮೊದಲು ಮೂರೇ ಇತ್ತಲ್ವಾ?"

"ಮ್ಯಾಲಿನ ಮನಿ ಬಾಡಿಗೀಗೆ ಕೊಡಾಕ," ಎಂದಳು ಪ್ರಿಯಾಂಕಾ. ಆಮೇಲೆ ಒಂದು ಹುಣಸೆಬೀಜದಷ್ಟು ಕಲ್ಲನ್ನು ತನ್ನ ಮನೆಯ ಪಕ್ಕದಲ್ಲಿಟ್ಟಳು.

"ಅದೇನು?"

"ನಿನ್ನ ಸೈಕಲ್. ನೀ ಬಂದ್ರ ನಿಲ್ಸಾಕ ಜಾಗ ಬೇಕಲ್ಲ?"

ಪ್ರಕೃತಿ ಬಗ್ಗಿ ಆ ಪುಟ್ಟ ಕಲ್ಲನ್ನು ಹತ್ತಿರದಿಂದ ನೋಡಿದಳು.

"ಎಲ್ರೇ ಹೋದ್ರಿ ಇಬ್ರೂ? ಬಿಸಿಲಾಯ್ತು, ಬನ್ನಿ!" ಕೆಳಗಿನಿಂದ ಚಿಕ್ಕಪ್ಪ ಕೂಗಿದ.

ಪ್ರಕೃತಿ ಸೈಕಲ್ ಹತ್ತಲಿಲ್ಲ. ಪ್ರಿಯಾಂಕಾ ಮುಂದೆ ಮುಂದೆ ದಾರಿ ತೋರಿಸಿದಳು. ಪ್ರಕೃತಿ ಹಿಂದಿನ ಚಕ್ರವನ್ನು ಎತ್ತಿ ಎತ್ತಿ ಇಡುತ್ತ, ಕಲ್ಲುಗಳ ನಡುವೆ ಹೆಜ್ಜೆ ಹೆಜ್ಜೆಯಾಗಿ ನಡೆದಳು. ಅಲುಗಿದರೆ ಬೆಲ್ ಸದ್ದು ಮಾಡೀತೆಂದು ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದಳು, ಆ ಮನೆಗಳ ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.