ಗುಂಡಿ ಒತ್ತಿದರೆ ಇಳಿಯದ ನೀರು

2024ರ ಮಾರ್ಚ್ 8, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

ಬಂದರು ನಗರ ಹಾಯ್‌ಫಾಂಗ್‌ನ ಹಳೆಯ ಗೋದಾಮೊಂದರ ಮೂರನೆಯ ಮಹಡಿಯಲ್ಲಿ, ಗೋಡೆಯಗಲದ ಪರದೆಯ ಮುಂದೆ ನಿಂತು, ಮಿಯೆನ್ ತನ್ನ ನದಿಗೆ ಆಗುತ್ತಿದ್ದ ಅವಮಾನವನ್ನು ನೋಡುತ್ತಿದ್ದಳು.

ಪರದೆಯ ಮೇಲೆ ಬಾಕ್ ದಾಂಗ್ ನದಿ. ನೀರಿನಡಿ ಸಾಲುಸಾಲು ಚೂಪು ಗೂಟಗಳು. ಏಳುನೂರ ಮೂವತ್ತಾರು ವರ್ಷಗಳ ಹಿಂದೆ ಸಮುದ್ರದ ಭರತಕ್ಕೆ ನೀರು ತುಂಬಿದ್ದ ಹೊತ್ತಿನಲ್ಲಿ ಮಂಗೋಲರ ಹಡಗುಗಳನ್ನು ಒಳಗೆ ಸೆಳೆದು, ನೀರಿಳಿದಾಗ ಗೂಟಗಳಿಗೆ ಸಿಕ್ಕಿಸಿದ ಯುದ್ಧ. ಈ ಊರಿನ ಮಕ್ಕಳು ನಿದ್ದೆಯಲ್ಲಿ ಕೇಳಿದರೂ ಹೇಳುವ ಕಥೆ.

ಆದರೆ ಇಲ್ಲಿ ತಯಾರಾಗುತ್ತಿದ್ದ ಈ ಕಂಪ್ಯೂಟರ್ ಆಟದಲ್ಲಿ ನೀರು ನಿಮಿಷಕ್ಕೆರಡು ಸಲ ಏರಿ ಇಳಿಯುತ್ತಿತ್ತು.

"ಈ ನದಿ ದಿನಕ್ಕೆ ಒಂದೇ ಸಲ ಏರತ್ತೆ, ಒಂದೇ ಸಲ ಇಳಿಯತ್ತೆ," ಎಂದಳು, ಯಾರಿಗೆಂದಿಲ್ಲದೆ. "ಇದೇನು, ಬಕೆಟ್ಟಾ?"

"ಬಕೆಟ್ ನನ್ನ ಹತ್ರ ಇದೆ," ಎಂದಿತು ಬೆನ್ನ ಹಿಂದಿನ ಒಂದು ದನಿ.

ತಿರುಗಿದಳು. ಉದ್ದನೆಯ ಮನುಷ್ಯನೊಬ್ಬ ಕೆಂಪು ಪ್ಲಾಸ್ಟಿಕ್ ಬಕೆಟ್ ತುಂಬ ಗುಲಾಬಿ ಹಿಡಿದು ನಿಂತಿದ್ದ. ಕಚೇರಿಯ ಹೆಂಗಸರ ಮೇಜುಗಳ ಮೇಲೆಲ್ಲ ಆಗಲೇ ಒಂದೊಂದು ಹೂವಿತ್ತು.

"ಮೊದಲು ಹೂ ತಗೊಳ್ಳಿ, ಬೈಗುಳ ಆಮೇಲೆ. ಇವತ್ತು ಹೆಂಗಸರ ದಿನ, ನಾವು ಎದುರು ಮಾತಾಡೋ ಹಾಗಿಲ್ಲ."

"ನಾಳೆ?"

"ನಾಳೆ ನಿಮ್ಮ ಗತಿ ನೀವು ನೋಡ್ಕೊಳ್ಳಿ..."

ಅವನು ಖಾಯ್. ಈ ಆಟದ ರೂಪವನ್ನೆಲ್ಲ ಕಟ್ಟುವವನು. ಅವಳು ಕರಾವಳಿ ಸಂಶೋಧನಾ ಕೇಂದ್ರದಲ್ಲಿ ಸಮುದ್ರದ ಏರಿಳಿತ ಲೆಕ್ಕ ಹಾಕುವವಳು. ಆಟದಲ್ಲಿ ಚರಿತ್ರೆ ತಪ್ಪದಂತೆ ನೋಡಿಕೊಳ್ಳಲು ಆರು ವಾರಕ್ಕೆ ಕರೆಸಿದ್ದರು.

"ನೀವು ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದವರು?" ಎಂದ.

"ನಾಯಿ ವರ್ಷ."

"ನಾನು ಹಂದಿ ವರ್ಷ. ನೀವು ಒಂದು ವರ್ಷ ದೊಡ್ಡವರು. ಹಾಗಾದ್ರೆ ನೀವು ಚಿ ಮಿಯೆನ್." ಅಕ್ಕ ಎಂದು ದೊಡ್ಡವಳಿಗೆ ಸಲ್ಲಬೇಕಾದ ಆ ‘ಚಿ’ಯನ್ನು ಅವನು ಬೇಕಂತಲೇ ಎಳೆದು ಹೇಳಿದ. "ಅಂದ್ರೆ ಜಗಳದಲ್ಲಿ ಯಾವಾಗ್ಲೂ ನಾನೇ ಸೋಲ್ಬೇಕು."

ಗುಲಾಬಿಯನ್ನು ತನ್ನ ಲೆಕ್ಕದ ಪುಸ್ತಕದೊಳಗೆ ತುರುಕಿಕೊಂಡಳು. ಯಾಕೆ ಎಸೆಯಲಿಲ್ಲ ಎಂದು ತನ್ನನ್ನು ಕೇಳಿಕೊಳ್ಳುವ ಧೈರ್ಯ ಮಾಡಲಿಲ್ಲ.

ಆ ಯುದ್ಧದ ದಿನ ನದಿಯಲ್ಲಿ ಯಾವ ಗಂಟೆಗೆ ಎಷ್ಟು ನೀರಿತ್ತು ಎಂಬುದನ್ನು ಚಂದ್ರನ ಸ್ಥಾನದಿಂದ ಹಿಂದಕ್ಕೆ ಲೆಕ್ಕ ಹಾಕಲು ಮಿಯೆನ್ ನಾಲ್ಕು ವರ್ಷ ಕಳೆದಿದ್ದಳು. ಆ ಪ್ರಬಂಧವನ್ನು ಪೂರ್ತಿ ಓದಿದವರು ಮೂವರು ಪರೀಕ್ಷಕರು ಮಾತ್ರ. ಈ ಆಟ ಹೊರಬಂದರೆ ಸಾವಿರಾರು ಮಂದಿ ಆ ನೀರಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಾರೆ... ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಒಂದು ದಿನದ ನೀರು, ಇದ್ದ ಹಾಗೆ.

ಮರುವಾರ ಬೀದಿ ಬದಿಯ ಗಿಡ್ಡ ಸ್ಟೂಲುಗಳ ಮೇಲೆ ಕುಳಿತು, ಏಡಿ ಸಾರಿನ ಕೆಂಪು ನೂಡಲ್ಸ್ ತಿನ್ನುತ್ತ ಇಬ್ಬರೂ ಜಗಳವಾಡಿದರು.

"ಚಿ ಮಿಯೆನ್, ಆಡೋನು ಹನ್ನೆರಡು ಗಂಟೆ ನೀರು ಇಳಿಯೋದನ್ನ ನೋಡ್ಕೊಂಡು ಕೂತಿರ್ತಾನಾ? ಎರಡನೇ ನಿಮಿಷಕ್ಕೆ ಎದ್ದು ಹೋಗ್ತಾನೆ."

"ಹನ್ನೆರಡು ಗಂಟೆ ಬೇಡ. ಆದ್ರೆ ಕಾಯೋದು ಬೇಕು. ಶತ್ರು ಒಳಗೆ ಬಂದಾಗಿದೆ, ನೀರು ಇನ್ನೂ ಇಳಿದಿಲ್ಲ, ಸಣ್ಣ ದೋಣಿಯೋರು ಅವರನ್ನ ಅಲ್ಲೇ ತಡೆದು ಹಿಡ್ಕೋಬೇಕು. ಅದು ತೆಗೆದ್ರೆ ಉಳಿಯೋದೇನು? ಮರದ ಗೂಟ."

"ಎಲ್ಲಿ ಕಲಿತ್ರಿ ಇಷ್ಟೊಂದು ಕಾಯೋದನ್ನ?"

"ಅಪ್ಪ ಚಿಪ್ಪು ಹೆಕ್ಕೋಕೆ ಹೋಗೋರು. ನೀರು ಇಳಿಯೋ ತನಕ ದೋಣಿಲೇ ಕೂರ್ಬೇಕು. ‘ಇಳೀತಾ ಅಪ್ಪ, ಇಳೀತಾ ಅಪ್ಪ’ ಅಂತ ನೂರು ಸಲ ಕೇಳ್ತಿದ್ದೆ."

ಖಾಯ್ ತನ್ನ ಬಟ್ಟಲಿನ ಏಡಿ ಉಂಡೆಯನ್ನು ಅವಳ ಬಟ್ಟಲಿಗೆ ಹಾಕಿದ. "ಸರಿ. ನೀರು ನಿಮ್ಮದು. ನಾನು ಮುಟ್ಟಲ್ಲ."

ಅಷ್ಟು ಸಾಕಾಯಿತು ಅವಳಿಗೆ. ಮರುದಿನವೇ ಕೈಬರಹದ ಲೆಕ್ಕದ ಪುಸ್ತಕವನ್ನು ಅವನಿಗೆ ಕೊಟ್ಟಳು. ಆಮೇಲಿನ ದಿನಗಳಲ್ಲಿ ಕೇಂದ್ರದ ಕೆಲಸ ಕೈಗೆ ಹತ್ತಲಿಲ್ಲ. ಬರೆದ ಅಂಕಿಯನ್ನೇ ಮತ್ತೆ ಬರೆಯುವಳು. ಫೋನ್ ಸದ್ದು ಮಾಡಿದರೆ ಎದೆ ಒಮ್ಮೆ ಮುಗ್ಗರಿಸುವುದು.

*ನೀರಿನ ವಿಷಯ ಕೇಳೋಕೆ ಮಾಡಿರ್ತಾನೆ... ಬರೀ ನೀರಿನ ವಿಷಯ.*

ಏಪ್ರಿಲ್ 12ರಂದು ಕಾಲೇಜು ಹುಡುಗರನ್ನು ಕರೆದು ಆಟವಾಡಿಸಿ ನೋಡಿದರು. ಮಿಯೆನ್ ಕೊನೆಯ ಸಾಲಿನಲ್ಲಿ ನಿಂತಿದ್ದಳು. ಹಡಗುಗಳು ಬಂದವು. ಪರದೆಯ ಮೂಲೆಯಲ್ಲಿ ಒಂದು ಹಳದಿ ಗುಂಡಿ ಮಿನುಗಿತು: ‘ನೀರಿಳಿಸು’.

ಹುಡುಗನೊಬ್ಬ ಒತ್ತಿದ. ನದಿ ಒಂದೇ ಗುಟುಕಿಗೆ ಬತ್ತಿತು. ಹಡಗುಗಳು ಚೂರಾದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಪರದೆಯ ಮೇಲೆ ಅಕ್ಷರ ಮೂಡಿತು: ನೀರಿನ ಲೆಕ್ಕ — ತ್ರಿನ್ ಮಿಯೆನ್.

ಅವಳ ಕಿವಿ ಬಿಸಿಯಾಯಿತು. ನೇರ ಖಾಯ್‌ನ ಎದುರು ಹೋಗಿ ನಿಂತಳು.

"ಆ ಗುಂಡಿ ಯಾರು ಹಾಕಿದ್ದು?"

ಅವನು ಅವಳ ಹೆಗಲಾಚೆ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಬಾಸ್ ದಾಕ್ ಕಡೆ ಒಮ್ಮೆ ನೋಡಿದ. ಆಮೇಲೆ ನೆಲ ನೋಡಿದ.

"ನಾನೇ."

"ಯಾಕೆ?"

"ಆಟ ಹೀಗೇ ಚೆನ್ನಾಗಿರತ್ತೆ ಅನ್ನಿಸ್ತು."

"ಮುಟ್ಟಲ್ಲ ಅಂದಿದ್ರಿ."

ಅವನು ಬಾಗಿ ನೆಲದ ಮೇಲಿನ ವೈರು ಸುತ್ತತೊಡಗಿದ. ಬೈದಿದ್ದರೂ, ವಾದಿಸಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಇದನ್ನು ತಡೆಯಲಾಗಲಿಲ್ಲ.

"ನನ್ನ ಹೆಸರು ತೆಗೆದುಬಿಡಿ," ಎಂದು ಹೊರಟುಬಿಟ್ಟಳು.

ಮೂರು ದಿನ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಲ್ಮೆರಾ ಎರಡು ಸಲ ಜೋಡಿಸಿದಳು. ಅವನ ನಂಬರ್ ಅಳಿಸಿದಳು. ಬಾಯಿಪಾಠವಾಗಿದ್ದರಿಂದ ಅಳಿಸಿ ಪ್ರಯೋಜನವಾಗಲಿಲ್ಲ.

ಏಪ್ರಿಲ್ 16, ಮಂಗಳವಾರ ಬೆಳಿಗ್ಗೆ ತನ್ನ ಪುಸ್ತಕ ವಾಪಸ್ ಪಡೆಯಲು ಗೋದಾಮಿಗೆ ಬಂದಳು. ಖಾಯ್ ಇರಲಿಲ್ಲ. ಆಟದಲ್ಲಿ ತಪ್ಪು ಹುಡುಕುವ ಕೆಲಸದ ಥೋವಾ ಒಬ್ಬಳೇ ಕುಳಿತು ಖಾರದ ಬ್ರೆಡ್ ಮೆಲ್ಲುತ್ತಿದ್ದಳು.

"ತಗೊಳ್ಳಿ ನಿಮ್ಮ ಪುಸ್ತಕ. ಒಂದು ಮಾತು ಹೇಳ್ಲಾ ಚಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ನೀರು ಹತ್ತು ದಿನ ಆಟದಲ್ಲಿತ್ತು."

"ಏನು?"

"ಹೂಂ. ಹಡಗುಗಳು ಗೂಟದ ಮೇಲೆ ಹಾಯಾಗಿ ತೇಲ್ಕೊಂಡು ವಾಪಸ್ ಹೋದ್ವು. ನೀರು ಇಳಿದ್ರೆ ತಾನೆ? ತೊಂಬತ್ತು ಸೆಂಟಿಮೀಟರ್ ಇಳಿದು ನಿಂತುಬಿಡ್ತು. ನಾನೇ ನಲವತ್ತು ಸಲ ಸೋತೆ. ಬಾಸ್ ಕೂಗಾಡಿದ್ರು, ‘ಅವಳ ಕೇಂದ್ರಕ್ಕೆ ಫೋನ್ ಮಾಡಿ ಅವಳ ಲೆಕ್ಕ ಎಲ್ಲಾ ಕಸ ಅಂತೀನಿ’ ಅಂತ. ಖಾಯ್ ಅಡ್ಡ ನಿಂತ. ‘ಲೆಕ್ಕ ಸರಿ ಇದೆ, ನಾನೇ ತಪ್ಪು ಜೋಡಿಸಿದೀನಿ’ ಅಂದ. ಮುಂದಿನ ಆಟದಿಂದ ಅವನನ್ನ ಕೈಬಿಟ್ರು. ಆಮೇಲೇ ಆ ಗುಂಡಿ ಬಂದದ್ದು."

ಮೊದಲು ಮಾತಾಡಿದ್ದು ಮಿಯೆನ್ ಒಳಗಿನ ಲೆಕ್ಕಗಾತಿಯೇ.

"ತೊಂಬತ್ತು ಸಾಧ್ಯವೇ ಇಲ್ಲ. ಅವತ್ತು ಎರಡೂವರೆ ಮೀಟರ್ ಮೇಲೆ ಇಳೀಬೇಕು. ಯಾವ ದಿನ ಹಾಕಿದಾನೆ ತೋರಿಸು."

ಥೋವಾ ಪರದೆ ತಿರುಗಿಸಿದಳು. ಮಾರ್ಚ್ 8, 1288.

ಮಿಯೆನ್ ಪುಸ್ತಕ ತೆರೆದಳು. ಮೊದಲ ಪುಟದಲ್ಲಿ ಅವಳದೇ ದುಂಡು ಅಕ್ಷರ: ಯುದ್ಧದ ದಿನ 8/3.

ಅಷ್ಟೇ. ಅದು ಚಾಂದ್ರಮಾನದ ದಿನ ಎಂದು ಸೂಚಿಸುವ ಎರಡು ಪುಟ್ಟ ಅಕ್ಷರಗಳನ್ನು ಅವಳು ಬರೆದೇ ಇರಲಿಲ್ಲ. ಅಪ್ಪನ ಮನೆಯಲ್ಲಿ ನೀರಿನ ದಿನ, ಹಿರಿಯರ ತಿಥಿ, ಬಲೆ ಹಾಕುವ ದಿನ ಎಲ್ಲವೂ ಚಂದ್ರನ ಲೆಕ್ಕವೇ. ಬೇರೆ ಲೆಕ್ಕವಿದೆ ಎಂದು ಆ ಗಳಿಗೆ ಹೊಳೆದಿರಲಿಲ್ಲ. ಮೂರನೆಯ ಚಾಂದ್ರಮಾಸದ ಎಂಟನೆಯ ದಿನ, ಓದಿದವನ ಕಣ್ಣಿಗೆ ಮಾರ್ಚ್ ಎಂಟಾಗಿತ್ತು. ಒಂದು ತಿಂಗಳ ಹಿಂದಿನ ಬೇರೆಯದೇ ನೀರು.

ಅದೇ ಪುಟದಲ್ಲಿ ಒಣಗಿದ ಗುಲಾಬಿ ಪಕಳೆಯೊಂದು ಅಂಟಿಕೊಂಡಿತ್ತು.

*ಎಲ್ಲರ ತಪ್ಪು ತಿದ್ದೋಕೆ ಹೋದವಳು ನಾನು...*

"ಅವನೆಲ್ಲಿ?"

"ಇನ್ನೆಲ್ಲಿ, ನದಿ ದಂಡೆಲಿ, ಹಳೆಯ ದೋಣಿಕಟ್ಟೆ ಹತ್ರ. ಮೂರು ಭಾನುವಾರದಿಂದ ಬಿದಿರು ಕೋಲು ಹಿಡ್ಕೊಂಡು ನೀರು ಅಳೀತಿದಾನೆ. ಇವತ್ತು ರಜೆ ಹಾಕಿ ಹೋದ. ಒಂಥರಾ ಹುಚ್ಚು ಹಿಡಿದಿದೆ ಅವನಿಗೆ."

ಸ್ಕೂಟರಿನಲ್ಲಿ ನಲವತ್ತು ನಿಮಿಷದ ದಾರಿ. ಮಿಯೆನ್‌ಗೆ ದಾರಿಯ ಒಂದು ತಿರುವೂ ನೆನಪಿಲ್ಲ.

ಹಳೆಯ ದೋಣಿಕಟ್ಟೆಯ ಕೊನೆಯಲ್ಲಿ ಪ್ಯಾಂಟು ಮಡಚಿ ಖಾಯ್ ಕುಳಿತಿದ್ದ. ಬಿಳಿ ಕೆಂಪು ಗೆರೆ ಬಳಿದ ಕೋಲು ನೀರಲ್ಲಿ ನೆಟ್ಟಿತ್ತು.

"ಎಷ್ಟು ಇಳಿದಿದೆ?" ಎಂದಳು.

"ಬೆಳಿಗ್ಗೆ ಐದಕ್ಕೆ ತುಂಬಿತ್ತು. ಈಗ ಒಂದು ಮೀಟರ್ ಹತ್ತು," ಎಂದ ಅಭ್ಯಾಸಬಲದಿಂದ. ಆಮೇಲೆ ತಿರುಗಿ ನೋಡಿ ಎದ್ದು ನಿಂತ. "ಚಿ ಮಿಯೆನ್... ನಿಮ್ಮ ಸೂತ್ರ ಸರಿ ಇದೆ. ಮೂರು ಭಾನುವಾರನೂ ಸರಿಯಾಗಿ ಬಂತು. ಇವತ್ತು ದೊಡ್ಡ ಇಳಿತ, ಎರಡು ಮೀಟರ್ ಅರವತ್ತು ಅನ್ನತ್ತೆ. ಆ ಯುದ್ಧದ ದಿನ ಮಾತ್ರ ಯಾಕೆ ತಪ್ಪತ್ತೋ..."

"ಇವತ್ತು ಯಾವ ದಿನ?"

"ಮಂಗಳವಾರ. ಹದಿನಾರು."

"ನಿಮ್ಮ ಅಮ್ಮನ ಕ್ಯಾಲೆಂಡರಲ್ಲಿ?"

ಅವನು ಫೋನ್ ತೆಗೆದ. ನೋಡಿದ. ಮತ್ತೊಮ್ಮೆ ನೋಡಿದ. ಮೂರನೆಯ ಚಾಂದ್ರಮಾಸ, ಎಂಟನೆಯ ದಿನ. ಇವತ್ತೇ.

"ನಾನು ಬರೆದದ್ದು ಈ ಎಂಟು," ಎಂದಳು ಮಿಯೆನ್. "ಗುರುತು ಹಾಕೋದು ಮರೆತೆ. ತಪ್ಪು ನಂದು ಖಾಯ್. ಪೂರ್ತಿ ನಂದು."

ಅವನು ಕಟ್ಟೆಯ ಮೇಲೆ ಕುಸಿದು ಕುಳಿತ. ಅಳುತ್ತಿದ್ದಾನೆ ಅಂದುಕೊಂಡಳು. ನಗುತ್ತಿದ್ದ.

"ಅಂದ್ರೆ ನಾವಿಬ್ರೂ ಸೇರಿ ಮಂಗೋಲರನ್ನ ಹೆಂಗಸರ ದಿನಕ್ಕೆ ಕರೆದು, ಹೂ ಕೊಟ್ಟು ಕಳಿಸಿದೀವಿ."

ಅವಳಿಗೂ ನಗು ಬಂತು, ಜೊತೆಗೆ ಸಿಟ್ಟೂ ಬಂತು. "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ನಾಲ್ಕು ವರ್ಷದ ಕೆಲಸದ ಮೇಲೆ ನಿಮಗೇ ಅನುಮಾನ ಬರ್ತಿತ್ತು. ನನ್ನ ಮೇಲೆ ಸಿಟ್ಟು ಬಂದ್ರೆ ಪರವಾಗಿಲ್ಲ ಅನ್ಕೊಂಡೆ."

"ಅದನ್ನ ನೀವೊಬ್ಬರೇ ಅನ್ಕೊಂಡುಬಿಟ್ರಾ? ಒಂದು ಮಾತು ಕೇಳಿದ್ರೆ ಐದು ನಿಮಿಷದಲ್ಲಿ ಸಿಕ್ತಿತ್ತು. ಮೂರು ದಿನ ನಾನು ಹೇಗಿದ್ದೆ ಗೊತ್ತಾ?"

"ಇಲ್ಲ," ಎಂದ ಮೆಲ್ಲಗೆ. "ನಾನು ಹೇಗಿದ್ದೆ ಅನ್ನೋದು ಮಾತ್ರ ಗೊತ್ತು. ಇನ್ನು ಮುಂದೆ ಕೇಳ್ತೀನಿ. ಎಲ್ಲಾ ಕೇಳ್ತೀನಿ."

ನೀರು ಇಳಿಯುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಮರಳು ತುಂಬಿದ ದೋಣಿಯೊಂದು ತಡವಾಗಿ ಬಂತು. ಎದುರಿಗೆ ಚಿಪ್ಪು ಸಾಕುವವರ ಹಳೆಯ ಮರದ ಕಂಬಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ದೋಣಿಯವನು ಬೈಯುತ್ತ ಗಳ ಒತ್ತುತ್ತಿದ್ದ.

"ದಾಟತ್ತಾ?" ಖಾಯ್ ಎದ್ದು ನಿಂತ.

"ಗೊತ್ತಿಲ್ಲ."

"ಇನ್ನೆಷ್ಟು ನೀರಿದೆ ಅಡಿಯಲ್ಲಿ?"

"ಒಂದು ಮೊಳ. ಇಳೀತಿದೆ."

ಅವನ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಕೈ ಬಿಡಿಸಿಕೊಳ್ಳಲಿಲ್ಲ. ದೋಣಿಯ ತಳ ಕಂಬಕ್ಕೆ ಉಜ್ಜಿ ಕಿರ್ ಎಂದಿತು, ಓಲಾಡಿತು, ದಾಟಿತು.

ಖಾಯ್ ಹಿಡಿದಿದ್ದ ಉಸಿರು ಬಿಟ್ಟ. "ಇದು... ಇದೇ ಆಟ. ಗುಂಡಿ ಬೇಕಾಗಿಲ್ಲ. ನೀರು ತನ್ನಷ್ಟಕ್ಕೆ ಇಳೀಲಿ, ಆಡೋನು ಅಲ್ಲಿ ತನಕ ಅವರನ್ನ ಹಿಡ್ಕೊಳ್ಳಿ."

"ಹನ್ನೆರಡು ಗಂಟೆನ ಹನ್ನೆರಡು ನಿಮಿಷ ಮಾಡ್ಕೊಳ್ಳಿ," ಎಂದಳು ಮಿಯೆನ್. ಗೋದಾಮಿಗೆ ಬಂದ ಮೊದಲ ದಿನ ಈ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. "ಹೊತ್ತನ್ನ ಎಷ್ಟು ಬೇಕಾದ್ರೂ ಕುಗ್ಗಿಸಿ. ನೀರಿನ ಅಳತೆ ಮಾತ್ರ ಮುಟ್ಬೇಡಿ."

ಅಲ್ಲಿಂದಲೇ ಬಾಸ್ ದಾಕ್‌ಗೆ ಫೋನ್ ಮಾಡಿದಳು. ತಪ್ಪು ಯಾರದೆಂದು ಮೊದಲು ಹೇಳಿದಳು, ಏನು ಮಾಡಬೇಕೆಂದು ಆಮೇಲೆ.

"ಸೋಮವಾರ ಹುಡುಗರು ಎದ್ದು ಹೋಗ್ದೆ ಆಡಿದ್ರೆ ನಿಮ್ಮ ನೀರು. ಎದ್ದು ಹೋದ್ರೆ ನನ್ನ ಗುಂಡಿ," ಎಂದರು ದಾಕ್. "ಖಾಯ್‌ಗೆ ಹೇಳಿ, ಮುಂದಿನ ಆಟದ ಕಾಗದಪತ್ರ ಅವನ ಮೇಜಿಗೇ ವಾಪಸ್ ಕಳಿಸ್ತೀನಿ."

ಸಂಜೆ ಐದು ಗಂಟೆಗೆ ಕೆಸರಿನ ವಾಸನೆ ಎದ್ದಿತು. ನೀರು ನಿಂತಂತೆ ಕಂಡಿತು.

"ಮಿಯೆನ್," ಎಂದ ಖಾಯ್.

"ಚಿ ಎಲ್ಲಿ ಹೋಯ್ತು?"

"ನೀರಿನ ಜೊತೆ ಇಳಿದು ಹೋಯ್ತು."

"ನೀರು ವಾಪಸ್ ಬರತ್ತೆ."

"ಬರ್ಲಿ. ಅದೊಂದು ಬರೋದು ಬೇಡ." ಅವನು ಅವಳ ಮುಖವನ್ನೇ ನೋಡುತ್ತಿದ್ದ. "ನೀನು ಬೇಕು ನನಗೆ. ಕೇಳ್ತೀನಿ ಅಂದಿದ್ನಲ್ಲ, ಅದಕ್ಕೇ ಕೇಳ್ತಿದೀನಿ. ಒಪ್ಪಿಗೆನಾ?"

ಅವಳು ಕೆಸರಿಗಿಳಿದು ಕೋಲಿನ ಬಳಿ ಬಾಗಿದಳು. ಅವನ ಜೀವ ಹೋಗಿ ಬಂತು.

"ಏನಾದ್ರೂ ಹೇಳು..."

"ಕಾಯೋದು ಕಲಿ," ಎಂದಳು. ತಲೆ ಎತ್ತಿದಾಗ ಕಣ್ಣು ತುಂಬಿತ್ತು. "ಒಪ್ಪಿಗೆ. ಬಾ, ನೀನೂ ನೋಡು. ಇಬ್ಬರೂ ನೋಡಿ ಬರೆಯೋಣ, ಗುರುತು ಸಮೇತ."

ಅವನೂ ಕೆಸರಿಗಿಳಿದ. ಒಂದೇ ಗೆರೆಯ ಮೇಲೆ ಇಬ್ಬರ ಬೆರಳೂ ನಿಂತಿತು. ಅವಳು ದಿನದ ಮುಂದೆ ಆ ಎರಡು ಪುಟ್ಟ ಅಕ್ಷರಗಳನ್ನು ಮೊದಲು ಬರೆದು, ಆಮೇಲೆ ಅಳತೆ ಬರೆದಳು.

ನೀರು ಇಳಿದದ್ದು ಎರಡು ಮೀಟರ್ ಐವತ್ತೆಂಟು ಸೆಂಟಿಮೀಟರ್.