ತೊಟ್ಟಿಯ ಸುತ್ತಲಿನ ನೆಲ

ಬೇಲಿಯೊಳಗೆ ಕುರಿಗಳು ನುಗ್ಗಿದ್ದನ್ನು ಕಂಡು ಮಣ್ಣಿನ ಸಂಶೋಧಕಿ ದಡದಡನೆ ಇಳಿದು ಬಂದಳು. ಮೇಯಿಸದೆ ಬಿಟ್ಟ ಹುಲ್ಲುಗಾವಲು ಏನಾಗುತ್ತದೆಂದು ನೋಡಲು ಅವಳು ಬೇಲಿ ಹಾಕಿ ವರ್ಷಗಟ್ಟಲೆ ಕಾದ ಜಾಗ ಅದು. ಬಂದವಳು ಹಾಗೇ ನೆಲದ ಮೇಲೆ ಕುಸಿದು ಕೂತಳು.

"ಬೈದುಬಿಡಿ ಮೇಡಂ," ಎಂದ ಕುರಿಗಾಹಿ.

"ಬೈಯೋಕೂ ತ್ರಾಣ ಬೇಕಲ್ಲ."

ಗಾಳಿಗೆ ಬೇಲಿಯ ಕಂಬ ಉರುಳಿತ್ತು. ಬೆಳಗಿನಿಂದ ಒಬ್ಬನೇ ಕುರಿಗಳನ್ನು ಹೊರಗಟ್ಟಿ ಅಟ್ಟಿ ಅವನ ದನಿಯೇ ಬಿದ್ದುಹೋಗಿತ್ತು. ಅದು ತಿಳಿದಾಗ ಅವಳಿಗೆ ನಾಚಿಕೆಯಾಯಿತು. ಇಬ್ಬರೂ ಸೇರಿ ಕಂಬ ನಿಲ್ಲಿಸಿದರು. ಬುಡಕ್ಕೆ ಕಲ್ಲು ತುಂಬುವಾಗ ಅವನು ಅವಳನ್ನೇ ನೋಡಿದ. ಅವಳು ತಿರುಗಿದಾಗ ಕಲ್ಲನ್ನು ನೋಡಿದ.

"ಇಷ್ಟು ವರ್ಷ ಕಾಪಾಡಿದ್ರಿ. ಎಲ್ಲ ಹಾಳಾಯ್ತಾ?"

"ಮೊದಲೇ ಸೊರಗಿತ್ತು. ಮೇಯೋರಿಲ್ಲದೆ ಒಂದೇ ಜಾತಿ ಹುಲ್ಲು ಎದೆಮಟ್ಟ ಬೆಳೆದು, ಮಿಕ್ಕವೆಲ್ಲ ಅದರ ನೆರಳಲ್ಲಿ ಸತ್ತಿವೆ. ನಿಮ್ಮ ಕುರಿ ಮೇಯ್ತಾ ಮುಂದೆ ಹೋಗೋ ಇಳಿಜಾರಲ್ಲೇ ಸಣ್ಣ ಹೂಗಿಡ ಜಾಸ್ತಿ."

ಅವನು ಹುಬ್ಬು ಹಾರಿಸಿದ. "ಹಾಗಾದ್ರೆ ಕುರಿಗಳಿಗೊಂದು ಸರ್ಟಿಫಿಕೇಟ್ ಕೊಡಿ."

ಅವಳು ನಗಲಿಲ್ಲ. ಅವನನ್ನು ಬೇಲಿಯ ಹೊರಗಿನ ನೀರಿನ ತೊಟ್ಟಿಯ ಬಳಿಗೆ ಕರೆದೊಯ್ದಳು. ಮಂದೆ ನಿಂತು ನಿಂತು ಅಲ್ಲಿನ ನೆಲ ಬೋಳಾಗಿತ್ತು. ಬಾಟಲಿಯ ನೀರು ಸುರಿದಳು. ಒಂದು ಹನಿಯೂ ಇಂಗದೆ ಹರಿದುಹೋಯಿತು.

"ಮಂದೆ ಇಲ್ಲಿಂದ ಏಳಬೇಕು. ಒಂದೆರಡು ಮಳೆಗಾಲ ಈ ನೆಲ ಸುಮ್ಮನೆ ಮಲಗಬೇಕು. ಬೇಸಿಗೆಗೆ ಮುಂಚೇನೇ ನಿಮಗೆ ಹೇಳಬೇಕಿತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೊರಟುಹೋಗ್ತಿದ್ರಿ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ನೆಲ ಸಾಯ್ತಿದ್ದದ್ದು ನನಗೂ ಕಾಣ್ತಿತ್ತು. ಹಿಂದೆಲ್ಲ ಹುಲ್ಲು ಗಿಡ್ಡಾದ ಕೂಡ್ಲೇ ಗುಡ್ಡದ ಆಚೆ ಹೊಡ್ಕೊಂಡು ಹೋಗ್ತಿದ್ದೆ. ಈ ಸಲ ಕಾಲೇ ಬರ್ಲಿಲ್ಲ. 'ಅಲ್ಲೇ ಬೇರು ಬಿಟ್ಯೇನಪ್ಪಾ' ಅಂತ ನಮ್ಮ ಅತ್ತಿಗೆ ಕೇಳಿದ್ರು."

ಇಬ್ಬರ ಆಸೆಯ ಭಾರವನ್ನೂ ತೊಟ್ಟಿಯ ಸುತ್ತಲಿನ ಆ ಬೋಳು ನೆಲ ಹೊತ್ತಿತ್ತು. ಅವಳಿಗೆ ಅಳು ಬಂತು. ಅವನು ಪಕ್ಕದಲ್ಲಿ ಕೂತ.

"ಆಚೆ ಕಡೆಯ ಮಣ್ಣನ್ನ ಯಾರೂ ಪರೀಕ್ಷೆ ಮಾಡಿಲ್ಲ," ಎಂದಳು ಕೊನೆಗೆ.

"ಅಲ್ಲಿ ಫೋನ್ ಸಿಗಲ್ಲ. ಮಲಗೋಕೆ ಗುಡಾರವೇ ಗತಿ."

"ಕರೀತಿದೀರೋ, ಹೆದರಿಸ್ತಿದೀರೋ?"

"ಎರಡೂ."

ಮರುದಿನ ಮಂದೆ ಎದ್ದಿತು, ಜೊತೆಗೆ ಅವಳೂ ಹೊರಟಳು. ಗುಡ್ಡ ಅರ್ಧ ಏರುವಷ್ಟರಲ್ಲೇ ಅವಳ ಕಾಲು ಸೋತವು. ಅವನು ಅವಳ ಚೀಲ ಇಸಿದುಕೊಂಡು, ಕುರಿಗಳನ್ನು ಮುಂದೆ ಬಿಟ್ಟು ನಿಂತ.

"ಇನ್ನೂ ದೂರಾನಾ?"

"ದೂರಾನೇ. ನಿಧಾನ ಬಾ."

ಆ ಮಾತಿನಲ್ಲಿ 'ಮೇಡಂ' ಇರಲಿಲ್ಲ, 'ಬನ್ನಿ' ಇರಲಿಲ್ಲ. ಅವನಿಗೇ ಅದು ಆಮೇಲೆ ಹೊಳೆದು ಕಿವಿ ಕೆಂಪಾಯಿತು. ಅವಳು ತಿದ್ದಲಿಲ್ಲ. ಅವನ ಕೈ ಹಿಡಿದು ಏರತೊಡಗಿದಳು.